ಕಾರಿನ ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಹಾಕಿಸಲಾ, ಬೇಡವಾ?

ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರು, ಕೊಂಡು 3 ವರ್ಷ, ಓಡಿದ್ದು 40,000 ಕಿ.ಮೀ., ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಒಂದು ಬಾಟಲಿ ಅಡಿಟಿವ್ (ಪೆಟ್ರೋಲಿಗೆ ಬೆರೆಸುವ, ಇಂಜೆಕ್ಟರ್ ಅಂದರೆ ಪೆಟ್ರೋಲ್ ಚಿಮ್ಮಿಸುವ ನಳಿಕೆ ತೊಳೆಯುವ ದ್ರವ) ಹಾಕಿಸಿ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಗಾಡಿ ಚೆನ್ನಾಗಿ ಓಡುತ್ತಿದ್ದರೆ ಬೇಡ. ಹಾಕಲೇಬೇಕು ಅನ್ನಿಸಿದರೆ ಬಾಟಲಿಯೊಳಗೆ ಏನಿದೆ ಅಂತ ಓದಿ ಹಾಕಿ. ಇದನ್ನು ನಾನು ಕೈಸುಟ್ಟುಕೊಂಡೇ ಕಲಿತದ್ದು.

ನನ್ನ ಹಿಂದಿನ ಕಾರಿಗೆ ಪಿಕಪ್ ಬರಲಿ ಅಂತ ಆಕ್ಟೇನ್ ಬೂಸ್ಟರ್ (ಅದೂ ಪೆಟ್ರೋಲಿಗೆ ಬೆರೆಸುವ ಅಡಿಟಿವ್ಲೇ) ಸುರಿಯುತ್ತಿದ್ದೆ. ಕೆಲವು ತಿಂಗಳಲ್ಲಿ ಎಂಜಿನ್ ಮಿಸ್ ಹೊಡೆಯತೊಡಗಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿಗೆಲ್ಲ ಇಟ್ಟಿಗೆ ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಆಮೇಲೆ ಬಾಟಲಿ ತಿರುಗಿಸಿ ನೋಡಿದೆ: ಸಣ್ಣ ಅಕ್ಷರದಲ್ಲಿ ಎಂಎಂಟಿ, ಅಂದರೆ ಮ್ಯಾಂಗನೀಸ್ ಸಂಯುಕ್ತ. ಫೆರೋಸೀನ್ ಇದ್ದರೂ ಇದೇ ಕಥೆ, ಅದರಲ್ಲಿರುವುದು ಕಬ್ಬಿಣ. ಪೆಟ್ರೋಲ್ ಉರಿದು ಹೊಗೆಯಾಗಿ ಹೋಗುತ್ತದೆ, ಲೋಹ ಎಲ್ಲಿಗೆ ಹೋಗಬೇಕು? ಪ್ಲಗ್, ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಕೂರುತ್ತದೆ. ಪ್ಲಗ್ ಆದರೆ ಬದಲಾಯಿಸಬಹುದು, ಕನ್ವರ್ಟರ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಮೆರಿಕದಲ್ಲಿ 1975ರ ಮಾದರಿಯ ಬಹುತೇಕ ಕಾರುಗಳಿಗೆ ಸೀಸವಿಲ್ಲದ ಪೆಟ್ರೋಲೇ ಬೇಕು ಅಂತಾದದ್ದೂ ಸೀಸದಿಂದ ಕನ್ವರ್ಟರ್ ಹಾಳಾಗುತ್ತದೆ ಅಂತಲೇ.

ಕ್ಲೀನರ್‌ಗಳಲ್ಲಿ ನಿಜಕ್ಕೂ ಕೆಲಸ ಮಾಡುವ ಸರಕು ಪಾಲಿಈಥರ್ ಅಮೀನ್, ಲೇಬಲ್ ಮೇಲೆ ಪಿಇಎ ಅಂತಿರುತ್ತದೆ. ಆದರೆ ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುತ್ತದೆ, ಇನ್‌ಟೇಕ್ ವಾಲ್ವಿನ ಬೆನ್ನಿಗೆ ಹನಿಯೂ ತಾಗುವುದಿಲ್ಲ. ಅಲ್ಲಿ ಮಸಿ ಕಟ್ಟುವುದು ಬಹುಪಾಲು ಎಂಜಿನ್ ಆಯಿಲ್ ಆವಿಯಿಂದ. ಟ್ಯಾಂಕಿಗೆ ಏನು ಸುರಿದರೂ ಆ ಮಸಿ ಅಲ್ಲಾಡುವುದಿಲ್ಲ, ಬಿಚ್ಚಿ ತೆಗೆಯಬೇಕು. "ವಾಲ್ವ್ ಕ್ಲೀನ್ ಆಗುತ್ತೆ ಸಾರ್" ಅಂದರೆ ನಕ್ಕು ಸುಮ್ಮನಾಗಿ. ಇಂಜೆಕ್ಟರ್ ಬಾಯಿಗೆ, ಪಿಸ್ಟನ್ ತಲೆಗೆ ಹಿಡಿದದ್ದಕ್ಕಷ್ಟೇ ಪಿಇಎ ಉಪಯೋಗ.

ಹಾಕುವುದಾದರೆ ಮೊದಲು ಕಾರಿನ ಮ್ಯಾನ್ಯುಯಲ್ ನೋಡಿ, ಕೆಲವು ಕಂಪನಿಗಳು ಯಾವ ಅಡಿಟಿವ್ ಕೂಡದು ಅಂತಲೇ ಬರೆದಿರುತ್ತವೆ. ವಾರಂಟಿ ಇರುವಾಗ ಅದನ್ನು ಮೀರಬೇಡಿ. ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಬಾಟಲಿ ಸುರಿದು, ಮೇಲೆ ಫುಲ್ ಟ್ಯಾಂಕ್ ಹಾಕಿಸಿ, ತಾನಾಗೇ ಬೆರೆಯುತ್ತದೆ. ಎಷ್ಟು ಲೀಟರ್‌ಗೆ ಎಷ್ಟು ಅಂತ ಬರೆದಿದೆಯೋ ಅಷ್ಟೇ. ಎರಡು ಬಗೆಯದನ್ನು ಬೆರೆಸಬೇಡಿ. ಆಯಿಲ್ ಬದಲಾಯಿಸುವ ಸ್ವಲ್ಪ ಮೊದಲು ಹಾಕಿದರೆ ಒಳ್ಳೆಯದು, ಉರಿಯದೆ ಉಳಿದ ಪಿಇಎ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ನುಸಿಗುಳಿಗೆ, ಅಸಿಟೋನ್ ಹಾಕಿ ಮೈಲೇಜ್ ಹೆಚ್ಚಿಸುವ ವಿಡಿಯೋಗಳ ಬಗ್ಗೆ ಮಾತಾಡುವುದೂ ದಂಡ.

ಮನೆಯಲ್ಲಿ ಡೀಸೆಲ್ ಗಾಡಿಯೂ ಇದ್ದರೆ ಇನ್ನೂ ಹುಷಾರು. ಈಗಿನ ಎಂಜಿನ್‌ಗಳಲ್ಲಿ ಡೀಸೆಲ್ ಒತ್ತುವ ಕಾಮನ್ ರೈಲ್ ಪಂಪ್ 2,000 ಬಾರ್ ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಜಿಡ್ಡು ಕೊಡುವುದೂ ಡೀಸೆಲ್ಲೇ. ಸೀಮೆಎಣ್ಣೆ ಬೆರೆಸಿದರೆ ಆ ಜಿಡ್ಡು ಹೋಗಿ ಪಂಪ್ ಸವೆಯುತ್ತದೆ. ಆಡ್‌ಬ್ಲೂ ಅಡಿಟಿವ್ ಅಲ್ಲ, ಹೊಗೆ ಶುದ್ಧಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ನೀರು. ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ತಿರುಗಿಸದೆ ಗಾಡಿಯನ್ನು ಎಳೆಸಿಕೊಂಡು ಹೋಗಿ.

ಅಂದಹಾಗೆ, ಚೆಕ್ ಎಂಜಿನ್ ದೀಪ ಹತ್ತಿದೆಯಾ ಅಂತ ನೀವು ಬರೆದಿಲ್ಲ. ಹತ್ತಿದ್ದರೆ ಬಾಟಲಿ ಪಕ್ಕಕ್ಕಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ, ಯಾವ ದೋಷದ ಕೋಡ್ ಬಂತು ಅಂತ ಇಲ್ಲೇ ಬರೆಯಿರಿ.