ಬ್ರ್ಯಾಕೆಟ್ಟಿನೊಳಗಿನ ಗಂಜಿ

ಪ್ರಶ್ನೆ: ನನಗೆ 26 ವರ್ಷ. ಊರು ಹುಬ್ಬಳ್ಳಿ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಎಂಟು ತಿಂಗಳಿಂದ ಆಫೀಸಿನ ಒಬ್ಬರು ರಾತ್ರಿ ಒಂದರವರೆಗೂ ಮೆಸೇಜ್ ಮಾಡುತ್ತಾರೆ, ತುಂಬಾ ಹೊಗಳುತ್ತಾರೆ. ಆಮೇಲೆ ನಾಲ್ಕು ದಿನ ಸುದ್ದಿಯೇ ಇಲ್ಲ. ಮತ್ತೆ ಶುರು. ಡೆಂಗ್ಯೂ ಆಗಿ ಮಲಗಿದ್ದಾಗ ‘ಟೇಕ್ ಕೇರ್’ ಅಂತ ಹಾರ್ಟ್ ಕಳಿಸಿದರು, ಬರಲಿಲ್ಲ. (ರೂಮ್‌ಮೇಟ್ ಗಂಜಿ ಮಾಡಿಕೊಟ್ಟು ಪ್ಲೇಟ್‌ಲೆಟ್ ರಿಪೋರ್ಟ್ ತಂದಳು.) ಮುಂದಿನ ತಿಂಗಳು ಅಪ್ಪ ಕಣ್ಣಿನ ಚೆಕಪ್‌ಗೆ ಬರುತ್ತಿದ್ದಾರೆ, ಆ ಓಡಾಟದ ಚಿಂತೆ ಬೇರೆ. ನಿದ್ದೆ ಹತ್ತುತ್ತಿಲ್ಲ. ಇದು ಪ್ರೀತಿನಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅವರು ಎಷ್ಟು ಹೊಗಳುತ್ತಾರೆ ಅಂತ ಗೊತ್ತಾಯಿತು. ನಿಮ್ಮ ಬಗ್ಗೆ ಅವರಿಗೆ ಏನು ಗೊತ್ತು ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ. ಅಪ್ಪನಿಗೆ ಯಾವ ಕಣ್ಣಿನ ತೊಂದರೆ ಅಂತ ಕೇಳಿದರೆ ಹೇಳುತ್ತಾರಾ? ನೀವು ಹೇಳಿಯೇ ಇರುತ್ತೀರಿ, ಅಲ್ವಾ?

ಗಂಜಿ ಮಾಡಿಕೊಟ್ಟವಳನ್ನು ಬ್ರ್ಯಾಕೆಟ್ಟಿನೊಳಗೆ ಕೂರಿಸಿಬಿಟ್ಟಿದ್ದೀರಿ. ನನಗೆ ಇಡೀ ಪತ್ರದಲ್ಲಿ ಕಣ್ಣಿಗೆ ಬಿದ್ದಿದ್ದು ಅದೇ ಸಾಲು.

ಇದರಲ್ಲಿ ನಿಮ್ಮ ದಡ್ಡತನ ಏನಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಪ್ರಯೋಗ ಪ್ರಕಟಿಸಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ಎಷ್ಟು ಸಲ ಕುಕ್ಕಿದರೆ ಬೀಳುತ್ತದೆ ಅಂತ ತಿಳಿಯದಂತೆ ಮಾಡಿದಾಗ ಹಕ್ಕಿ ಬಿಡದೆ ಕುಕ್ಕಿತು. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ರಾತ್ರಿ ಎರಡಕ್ಕೆ ನಿಮ್ಮ ಕೈ ಫೋನಿಗೆ ಹೋಗುವುದೂ ಸುಮಾರು ಹಾಗೇ. ಆ ಚಡಪಡಿಕೆ ಪ್ರೀತಿಯಂತೆಯೇ ಕಾಣುತ್ತದೆ, ಅದೇ ಕಷ್ಟ.

ಅವರು ಕೆಟ್ಟವರು ಅನ್ನುತ್ತಿಲ್ಲ. ಬೇಜಾರಾದಾಗ ಮಾತಿಗೊಬ್ಬರು ಬೇಕಿರಬಹುದು, ಅಷ್ಟೇ. ಆದರೆ ಹಾರ್ಟ್ ಕಳಿಸಿದ್ದನ್ನೆಲ್ಲ ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿದ್ದೆಯ ವಿಷಯ ಸುಮ್ನೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಅವರ ಹತ್ತಿರ ‘ನೀವು ನನ್ನನ್ನು ಪ್ರೀತಿಸ್ತೀರಾ’ ಅಂತ ಕೇಳಬೇಡಿ. ರಾತ್ರಿ ಒಂದಕ್ಕೆ ಯಾರೂ ‘ಇಲ್ಲ’ ಅನ್ನುವುದಿಲ್ಲ. ಅಪ್ಪನ ಬಸ್ಸು ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಬರುತ್ತದಲ್ಲ, ‘ಐದೂವರೆಗೆ ಬರ್ತೀರಾ, ಬ್ಯಾಗ್ ಜಾಸ್ತಿ ಇದೆ’ ಅಂತ ಕೇಳಿ. ಪರೀಕ್ಷೆ ಮಾಡೋಕೆ ಅಂತಲ್ಲ, ನಿಮಗೆ ನಿಜಕ್ಕೂ ಒಬ್ಬರ ಜೊತೆ ಬೇಕಲ್ಲ. ಬರಲು ಆಗುವುದಿಲ್ಲ ಅಂದರೆ ರೂಮ್‌ಮೇಟ್‌ಗೆ ಹೇಳಿ. ಅವಳು ಅಲಾರಂ ಇಟ್ಟುಕೊಂಡೇ ಮಲಗುತ್ತಾಳೆ ಅಂತ ನನ್ನ ಅಂದಾಜು.