ಆರು ವರ್ಷದ ಕರಾಟೆ ಎಲ್ಲೂ ಹೋಗಿಲ್ಲ, ಅಮ್ಮ

ಅಮ್ಮ, ಮೈಸೂರಿನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ನಿಮ್ಮ ಮೊಮ್ಮಗಳು 6 ವರ್ಷ ಕರಾಟೆ ಕಲಿತು, ಬ್ರೌನ್ ಬೆಲ್ಟ್ ಬಂದ ಮೇಲೆ ಅದನ್ನು ಬಿಟ್ಟು ಜಪಾನಿನ ಟೈಕೊ ಡೋಲಿನ ಕ್ಲಾಸಿಗೆ ಸೇರಿದ್ದಾಳೆ. ಅಲ್ಲಿ ಡೋಲು ಮುಟ್ಟುವ ಮೊದಲು ಓಡಿಸುತ್ತಾರಂತೆ, ದಂಡ ಹೊಡೆಸುತ್ತಾರಂತೆ. "ಬಾರಿಸೋಕೆ ಓಡೋದ್ಯಾಕೆ? ಕಲಿತ ಕರಾಟೆ ಎಲ್ಲ ನೀರಿನಲ್ಲಿ ಮಾಡಿದ ಹೋಮ ಆಯ್ತಲ್ಲ" ಅಂತ ಕೇಳಿದ್ದೀರಿ. ಟೈಕೊ ತಂಡಗಳು ಸಾವಿರಾರು ವರ್ಷ ಹಳೆಯವು ಅಂತ ಹೋದ ತಿಂಗಳು ನಾವು ಬರೆದಿದ್ದು ನಿಜವಾ ಅಂತಲೂ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಡೋಲು ಹಳೆಯದು, ತಂಡ ಹಳೆಯದಲ್ಲ. ದೇವಸ್ಥಾನದಲ್ಲಿ, ಜಾತ್ರೆಯಲ್ಲಿ, ನೋ ಮತ್ತು ಕಬುಕಿ ನಾಟಕಗಳಲ್ಲಿ ಟೈಕೊ ಬಹಳ ಹಿಂದಿನಿಂದ ಇದೆ. ಆದರೆ ಚಿಕ್ಕದು ದೊಡ್ಡದು ಎಲ್ಲ ಡೋಲುಗಳನ್ನು ಒಂದೇ ವೇದಿಕೆಗೆ ತಂದು ಗುಂಪಾಗಿ ಬಾರಿಸುವ ಈಗಿನ ಪದ್ಧತಿ ಶುರುವಾಗಿದ್ದು 1951ರಲ್ಲಿ, ನಾಗಾನೊ ಪ್ರಾಂತ್ಯದಲ್ಲಿ. ಶುರು ಮಾಡಿದ ದೈಹಾಚಿ ಒಗುಚಿ ಜಾಝ್ ಡ್ರಮ್ಮರ್. ಸುವಾ ದೇಗುಲದ ಹಳೇ ತಾಳವೊಂದು ಕೈಗೆ ಸಿಕ್ಕಾಗ ಅದನ್ನು ಬೇರೆ ಬೇರೆ ಸ್ವರದ ಡೋಲುಗಳಿಗೆ ಹಂಚಿಬಿಟ್ಟರು, ಜಾಝ್ ಡ್ರಮ್ ಸೆಟ್ಟಿನಲ್ಲಿ ಹಂಚಿದ ಹಾಗೆ.

ಇನ್ನು ಓಟದ ವಿಷಯ. 1969ರಲ್ಲಿ ಸಾದೊ ಎಂಬ ದ್ವೀಪದಲ್ಲಿ ಒಂದಷ್ಟು ಯುವಕರು ಒಂದೇ ಕಡೆ ಇದ್ದುಕೊಂಡು, ಓಡುವುದು ಮತ್ತು ಬಾರಿಸುವುದು ಬೇರೆ ಬೇರೆಯಲ್ಲ ಅಂತ ನಂಬಿ ಒಂಡೆಕೊಝ ತಂಡ ಕಟ್ಟಿದರು. 1975ರಲ್ಲಿ ಅವರು ಬಾಸ್ಟನ್ ಮ್ಯಾರಥಾನ್ ಪೂರ್ತಿ ಓಡಿದರು, ಓಡಿ ಮುಗಿಸಿದವರೇ ಸೀದಾ ಡೋಲು ಬಾರಿಸಲು ನಿಂತರು! ಅಲ್ಲಿದ್ದ ಎಯ್ತೆತ್ಸು ಹಯಾಶಿ ಚಿತ್ರಕಲೆ ಕಲಿಯಬೇಕು ಅಂತಿದ್ದ ಹುಡುಗ. ಡೋಲು ಅವರನ್ನು ಬಿಡಲಿಲ್ಲ. ಸುಮಾರು 11 ವರ್ಷ ಗುಂಪಿನಲ್ಲಿದ್ದು, 1982ರಲ್ಲಿ ಒಂಟಿಯಾಗಿ ಹೊರಟು, 1984ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದರು. ಅವರು ಬಾರಿಸುವುದನ್ನು ನೋಡಿ, ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಆಳೆತ್ತರದ ಡೋಲಿಗೆ ಮುಖ ಮಾಡಿ, ಪ್ರೇಕ್ಷಕರಿಗೆ ಬೆನ್ನು ಹಾಕಿ, ಎರಡೂ ಕೈ ತಲೆಗಿಂತ ಮೇಲೆತ್ತಿ ನಿಮಿಷಗಟ್ಟಲೆ ಬಾರಿಸಬೇಕು. ಉಸಿರು ಕೆಟ್ಟರೆ ತಾಳವೂ ಕೆಡುತ್ತದೆ. ಅದಕ್ಕೇ ಓಡಿಸುತ್ತಾರೆ.

ಅಮೆರಿಕಕ್ಕೆ ಈ ಶಿಸ್ತು ತಂದವರಲ್ಲಿ ದೊಡ್ಡ ಹೆಸರು ಸೇಯಿಚಿ ತನಾಕಾ. ಸಮರಕಲೆಯ ಅಭ್ಯಾಸ ಇದ್ದ ಮನುಷ್ಯ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವರು ಅಲ್ಲಿನ ಜಪಾನಿಯರ ಚೆರ್ರಿ ಹೂವಿನ ಹಬ್ಬದಲ್ಲಿ ಡೋಲಿನ ಸದ್ದೇ ಇಲ್ಲದ್ದು ನೋಡಿ 1968ರಲ್ಲಿ ಟೈಕೊ ಡೋಜೊ ತೆರೆದರು. ಡೋಜೊ ಅನ್ನೋದು ಮೊಮ್ಮಗಳು ಕರಾಟೆ ಕಲಿತ ಜಾಗಕ್ಕೂ ಇರುವ ಹೆಸರು, ಗಮನಿಸಿ. ಅವರು ಕಲಿಸುತ್ತಿದ್ದದ್ದು ನಾಲ್ಕು: ಕೊಕೊರೊ ಅಂದರೆ ಮನಸ್ಸು, ವಾಜಾ ಅಂದರೆ ಕೈಚಳಕ, ಕರದಾ ಅಂದರೆ ಮೈ, ರೇ ಅಂದರೆ ಮರ್ಯಾದೆ. ಇದರಲ್ಲಿ ಕೈಚಳಕ ಬಿಟ್ಟು ಉಳಿದ ಮೂರನ್ನೂ ನಿಮ್ಮ ಹುಡುಗಿ ಆಗಲೇ ಅರ್ಧ ಕಲಿತಿದ್ದಾಳೆ.

ಇದನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ನಾನೂ ಕರಾಟೆ ಕಲಿತೆ. ಎಡಗಾಲು ಮುಂದೆ, ಮಂಡಿ ಬಾಗಿ, ಬಲಗಾಲು ಹಿಂದಕ್ಕೆ ನೆಟ್ಟಗೆ, ಹೊಕ್ಕುಳ ಕೆಳಗೆ ಬಲ. ಝೆನ್‌ಕುತ್ಸು ದಾಚಿ ಅನ್ನುತ್ತಿದ್ದರು. ಟೈಕೊ ಬಾರಿಸುವವರು ನಿಲ್ಲುವ ರೀತಿಯೂ ಹೆಚ್ಚುಕಮ್ಮಿ ಇದೇ. ಹೊಸಬರಿಗೆ ಈ ನಿಲುವಿನಲ್ಲಿ ಹತ್ತು ನಿಮಿಷಕ್ಕೇ ತೊಡೆ ನಡುಗುತ್ತದೆ, ಅವಳಿಗೆ ನಡುಗುವುದಿಲ್ಲ.

ಆದರೆ ಒಂದನ್ನು ಅವಳು ಮರೆಯಬೇಕಾಗುತ್ತದೆ, ಅದೇ ಕಷ್ಟ. ಕರಾಟೆಯಲ್ಲಿ ಪೆಟ್ಟು ಗುರಿ ಮುಟ್ಟಿದ ಕ್ಷಣ ಮೈಯೆಲ್ಲ ಬಿಗಿಯಾಗಬೇಕು. ಟೈಕೊದಲ್ಲಿ ಬಾಚಿ, ಅಂದರೆ ಕೋಲು, ತೊಗಲಿಗೆ ತಾಗಿದ ಕೂಡಲೇ ಪುಟಿದು ಮೇಲೆ ಬರಬೇಕು. ಬಿಗಿ ಹಿಡಿದು ಒತ್ತಿದರೆ ನಾದ ಅಲ್ಲೇ ಸಾಯುತ್ತದೆ, ಮಣಿಕಟ್ಟೂ ನೋಯುತ್ತದೆ. ಹೆಗಲು ಸಡಿಲ ಬಿಡು ಅಂತ ಅವಳ ಗುರುಗಳು ದಿನಾ ಹೇಳುತ್ತಿರಬಹುದು. ಇದಕ್ಕೆ ಸಮಯ ಹಿಡಿಯುತ್ತದೆ. ಈಗಲೇ "ಹೇಗೆ ಬಾರಿಸ್ತೀಯ ತೋರಿಸು" ಅಂತ ಅವಸರ ಮಾಡಬೇಡಿ.

ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂತ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅವಳಿರುವ ಊರಿನಲ್ಲೇ 1973ರಲ್ಲಿ ಸ್ಯಾನ್ ಹೋಸೆ ಟೈಕೊ ಹುಟ್ಟಿತು. ಅದನ್ನು ಬೆಳೆಸಿದವರು ಪಿ.ಜೆ. ಹಿರಬಯಾಶಿ ಮತ್ತು ಅವರ ಗಂಡ ರಾಯ್, 2011ರಲ್ಲಿ ಅಮೆರಿಕ ಸರ್ಕಾರದ ಪರಂಪರೆ ಗೌರವ ಇಬ್ಬರಿಗೂ ಸಿಕ್ಕಿತು. ಅಮೆರಿಕದ ಟೈಕೊ ತಂಡಗಳಲ್ಲಿ ಹೆಂಗಸರೇ ಜಾಸ್ತಿ ಅಮ್ಮ. ಅವಳನ್ನು ದಯವಿಟ್ಟು ತಡೆಯಬೇಡಿ.

ಖರ್ಚಿನ ಚಿಂತೆಯೂ ಬೇಡ. ಮನೆಯಲ್ಲಿ ಅಭ್ಯಾಸಕ್ಕೆ ಹಳೇ ಕಾರ್ ಟೈರಿಗೆ ಅಗಲವಾದ ಟೇಪ್ ಸುತ್ತಿದರೆ ಸಾಕು, ಎಷ್ಟೋ ತಂಡಗಳು ಹಾಗೇ ಮಾಡುತ್ತವೆ. ಕ್ಯಾಲಿಫೋರ್ನಿಯಾದವರು ವೈನ್ ಪೀಪಾಯಿಗೆ ದನದ ತೊಗಲು ಬಿಗಿದೇ ಡೋಲು ಮಾಡಿಕೊಂಡರು. ಕಿವಿಗೆ ಮಾತ್ರ ಇಯರ್‌ಪ್ಲಗ್ ಹಾಕಿಕೊಳ್ಳಲಿ, ಸದ್ದು ಬಹಳ.

ನಿಮ್ಮ ಯಜಮಾನರು ಮೃದಂಗ ನುಡಿಸುತ್ತಿದ್ದರು ಅಂತ ಬರೆದಿದ್ದೀರಿ. ಟೈಕೊ ಪಾಠವನ್ನೂ ಮೊದಲು ಬಾಯಲ್ಲೇ ಹೇಳಿ ಕಲಿಯುತ್ತಾರೆ. ಒಂದು ಜೋರು ಪೆಟ್ಟಿಗೆ ಡೋನ್, ಬೇಗ ಬೇಗ ಎರಡಕ್ಕೆ ಡೊಕೊ, ಅಂಚಿಗೆ ಹೊಡೆದರೆ ಕಾ. ಈ ಭಾನುವಾರ ಫೋನ್ ಮಾಡಿದಾಗ ಅವಳ ಬಾಯಲ್ಲಿ ಪಾಠ ಹೇಳಿಸಿ, ನೀವು ತಾತನ ತಕಧಿಮಿ ಹೇಳಿ. ಅವಳಿಗೆ ತಾತನ ತಾಳ ಯಾರಾದರೂ ಹೇಳಿಕೊಟ್ಟಿದ್ದಾರಾ?