ಗಾಳಿಯೇ ಇಲ್ಲದ ದಿನ ಮಲ್ಪೆ, ಉಳ್ಳಾಲದ ಕಡೆ ದೊಡ್ಡ ಅಲೆ ಯಾಕೆ ಬರುತ್ತದೆ?

ಆ ಅಲೆ ಇಲ್ಲಿ ಹುಟ್ಟಿದ್ದೇ ಅಲ್ಲ. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ ಎಲೆಯೂ ಅಲುಗದಿದ್ದರೂ, ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ, ಅಂಟಾರ್ಕ್ಟಿಕಾ ಕಡೆಗೆ, ಬಿರುಗಾಳಿ ಬೀಸುತ್ತಿರುತ್ತದೆ. ಅದು ಎಬ್ಬಿಸಿದ ಅಲೆಗಳಲ್ಲಿ ಗಿಡ್ಡವು ದಾರಿಯಲ್ಲೇ ಸಾಯುತ್ತವೆ, ಉದ್ದನೆಯವು ಸಾವಿರಾರು ಕಿಲೋಮೀಟರ್ ದಾಟಿ ಬರುತ್ತವೆ.

ಲೆಕ್ಕ ಸುಲಭ. ಒಂದು ಅಲೆಗೂ ಇನ್ನೊಂದಕ್ಕೂ 18 ಸೆಕೆಂಡ್ ಅಂತರವಿದ್ದರೆ, ಆಳ ನೀರಿನಲ್ಲಿ ಅಲೆಗಳ ಗುಂಪು ಗಂಟೆಗೆ ಸುಮಾರು 50 ಕಿ.ಮೀ. ಸಾಗುತ್ತದೆ. 6,000 ಕಿ.ಮೀ. ದೂರಕ್ಕೆ ಐದು ದಿನ! ಹಾಗಾಗಿ ನಮ್ಮ ಆಕಾಶ ನೋಡಿ ಇದನ್ನು ಊಹಿಸಲು ಹೋದರೆ ಸುಮ್ನೆ ಮೋಸ ಹೋಗುತ್ತೀರಿ.

ನಡುಗಡಲಿನಲ್ಲಿ ಇದು ದೋಣಿಯವರಿಗೆ ನಿಧಾನವಾಗಿ ತೂಗಿದಂತಷ್ಟೇ. ದಡದ ಹತ್ತಿರ ಆಳ ಕಡಿಮೆಯಾದಾಗ ಅಲೆ ನಿಧಾನವಾಗಿ, ಎದ್ದು ನಿಂತು, ಮರಳಿನ ಮೇಲೆ ಜಾಸ್ತಿ ದೂರ ನುಗ್ಗುತ್ತದೆ. ಉಬ್ಬರವೂ ಜೊತೆಗೂಡಿದರೆ ನೀರು ಮನೆ ಬಾಗಿಲಿಗೇ ಬರಬಹುದು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು, ಸರಿಯಾದ ಹೆಸರೇ ಅಲ್ವಾ?

ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ (INCOIS) ಸಂಸ್ಥೆ ಇದಕ್ಕೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಅದರಲ್ಲಿ ಅಲೆಯ ಎತ್ತರದ ಜೊತೆ ಎರಡು ಅಲೆಗಳ ನಡುವಿನ ಸೆಕೆಂಡಿನ ಲೆಕ್ಕವನ್ನೂ ನೋಡಿ.